ಬೀಗದ ಕೈ ಇಸಿದುಕೊಳ್ಳುವ ಮುಂಚೆ ಒಂದು ಬಕೆಟ್ ನೀರು

ಹೊಸ ಮನೆ ನೋಡಲು ಬಂದವರು ಮೊದಲು ಬಾಲ್ಕನಿಗೆ ಹೋಗುತ್ತಾರೆ. ನಾನು ಬಾತ್‌ರೂಮ್‌ಗೆ ಹೋಗುತ್ತೇನೆ, ಕೈಯಲ್ಲಿ ಒಂದು ಬಕೆಟ್ ಹಿಡಿದು. ಬಿಲ್ಡರ್ ಕಟ್ಟಿದ ಮನೆಯನ್ನು ಕೊಳ್ಳುವವರ ಪರವಾಗಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಹೊಸ ಮನೆಯ ದೂರುಗಳಲ್ಲಿ ನಾನು ಜಾಸ್ತಿ ಕಂಡಿರುವುದು ನೀರಿನದ್ದೇ. ಬಣ್ಣ ಚೆನ್ನಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ನೀರು ಎಲ್ಲಿ ಹೋಗುತ್ತದೆ ಅನ್ನುವುದು ಸುರಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಈಚೆಗೆ ಒಂದು ದಂಪತಿ ಕರೆದಿದ್ದರು. ಮನೆ ಫಳಫಳ ಹೊಳೆಯುತ್ತಿತ್ತು. ಬಾತ್‌ರೂಮ್‌ನ ಮೂಲೆಯಲ್ಲಿ ಬಕೆಟ್ ಬಗ್ಗಿಸಿದೆ. ನೀರು ಹೊರಹೋಗುವ ತೂತಿನ ಜಾಲರಿಯ ಕಡೆ ಅರ್ಧ ದಾರಿ ಹೋಯಿತು, ನಿಂತಿತು, ಆಮೇಲೆ ನಿಧಾನವಾಗಿ ಬಾಗಿಲ ಕಡೆ ಹೊರಟಿತು. ಬಿಲ್ಡರ್ ಕಡೆಯ ಹುಡುಗ ನಕ್ಕ: “ಸಾರ್, ಸ್ವಲ್ಪ ನೀರು ತಾನೆ? ವೈಪರ್‌ನಲ್ಲಿ ತಳ್ಳಿದ್ರೆ ಆಯ್ತು.” ಆ ಮನೆಯ ಯಜಮಾನಿ ನನ್ನ ಮುಖ ನೋಡಿದರು. “ದಿನಾ ಯಾರು ತಳ್ಳೋದು, ಅದನ್ನೂ ಬರೆದುಕೊಡ್ತಾರಾ ಸಾರ್?” ಅಂದರು.

ಮೇಸ್ತ್ರಿಗಳು ಇದಕ್ಕೆ ವಾಟ ಅನ್ನುತ್ತಾರೆ, ಅಂದರೆ ನೀರು ಹರಿಯುವ ಇಳಿಜಾರು. ಒಂದು ಮೀಟರ್ ಉದ್ದಕ್ಕೆ ಕಡಿಮೆ ಅಂದರೂ 1 ಸೆಂಟಿಮೀಟರ್ ಇಳಿಯಬೇಕು. ತಪ್ಪಿದರೆ ಮೇಲೆ ತೇಪೆ ಹಾಕಿ ಸರಿ ಮಾಡಲಾಗುವುದಿಲ್ಲ. ಟೈಲ್ಸ್ ಒಡೆಯಬೇಕು. ಒಡೆಯುವಾಗ ನೀರು ಕೆಳಗಿಳಿಯದ ಹಾಗೆ ತಡೆಯುವ ವಾಟರ್‌ಪ್ರೂಫಿಂಗ್ ಪದರವೂ ಹರಿದುಹೋಗುತ್ತದೆ, ಅದನ್ನೂ ಹೊಸದಾಗಿ ಮಾಡಬೇಕು. ಅದಕ್ಕೇ ಬಿಲ್ಡರ್‌ಗಳು ಈ ವಿಷಯವನ್ನು ನಗುತ್ತಲೇ ದಾಟಿಸಿಬಿಡುತ್ತಾರೆ.

ಆ ಪದರದ ಪರೀಕ್ಷೆಗೂ ಒಂದು ಕ್ರಮ ಇದೆ. ಟೈಲ್ಸ್ ಹಾಕುವ ಮುಂಚೆ ಜಾಲರಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಟ್ಟು, ಕೆಳಗಿನ ಚಾವಣಿಯಲ್ಲಿ ತೇವ ಬಂದಿದೆಯಾ ಅಂತ ನೋಡುವುದು. ಮನೆ ಇನ್ನೂ ಕಟ್ಟುತ್ತಿರುವಾಗಲೇ ಬುಕ್ ಮಾಡಿದವರು ಆ ದಿನ ಯಾವುದು ಅಂತ ಕೇಳಿ, ಖುದ್ದಾಗಿ ಹೋಗಿ ನೋಡಿ. ಸಿದ್ಧವಾದ ಮನೆಯಾದರೆ ಕೆಳಗಿನ ಮನೆಯ ಬಾತ್‌ರೂಮ್ ಚಾವಣಿಗೊಮ್ಮೆ ಟಾರ್ಚ್ ಹಾಕಿ. ನಿಮ್ಮ ಮನೆಯ ಗುಟ್ಟು ಅಲ್ಲಿರುತ್ತದೆ. (ಮಾದರಿ ಮನೆ ನೋಡಿ ಮರುಳಾಗಬೇಡಿ. ಅಲ್ಲಿನ ನಲ್ಲಿ ತಿರುಗಿಸಿ ನೋಡಿ, ಎಷ್ಟೋ ಕಡೆ ನೀರಿನ ಪೈಪೇ ಇರುವುದಿಲ್ಲ.)

ಇನ್ನು ಬಿರುಕು. ಜನ ಹೆದರುವುದು ಇದಕ್ಕೇ, ಆದರೆ ಸಾಮಾನ್ಯವಾಗಿ ತಪ್ಪು ಬಿರುಕಿಗೆ ಹೆದರುತ್ತಾರೆ. ಸಿಮೆಂಟ್ ಪ್ಲಾಸ್ಟರ್ ಒಣಗುತ್ತಾ ಕುಗ್ಗುತ್ತದೆ. ಹಾಗಾಗಿ ಕೂದಲೆಳೆಯಂಥ ಗೆರೆಗಳು ಜೇಡರ ಬಲೆಯ ಹಾಗೆ ಹರಡಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಪಿಲ್ಲರ್ ಮತ್ತು ಗೋಡೆ ಸೇರುವ ಕಡೆ ನೆಟ್ಟಗೆ ಒಂದು ಗೆರೆ ಬಂದಿದ್ದರೆ, ಆ ಜಾಗದಲ್ಲಿ ಪ್ಲಾಸ್ಟರ್ ಒಳಗೆ ಬಿರುಕು ತಡೆಯುವ ಬಲೆ ಹಾಕದೆ ಬಿಟ್ಟಿರಬಹುದು. ಕಾಂಕ್ರೀಟ್ ಮತ್ತು ಇಟ್ಟಿಗೆ ಬಿಸಿಲಿಗೆ ಒಂದೇ ಥರ ಹಿಗ್ಗುವುದಿಲ್ಲ. ಅಪಾಯ ಇಲ್ಲ, ಆದರೆ ಹೊರಗೋಡೆಯಾದರೆ ಮಳೆನೀರು ಅಲ್ಲೇ ನುಗ್ಗುತ್ತದೆ. ನಾನು ನಿಂತು ನೋಡುವುದು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕನ್ನು, ಮತ್ತು ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಿರುಕನ್ನು. ಎರಡನೆಯದು ಪಾಯ ಒಂದು ಕಡೆ ಕುಸಿಯುತ್ತಿರುವುದರ ಗುರುತಾಗಿರಬಹುದು.

ಬಿರುಕು ಬೆಳೆಯುತ್ತಿದೆಯಾ ಅಂತ ತಿಳಿಯಲು ಪೆನ್ಸಿಲ್ ಸಾಕು. ಬಿರುಕಿನ ತುದಿಗೆ ಅಡ್ಡ ಗೀಟು ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಕೆಲವು ವಾರ ಬಿಟ್ಟು ನೋಡಿ. ಗೀಟು ದಾಟಿದ್ದರೆ, ಅಥವಾ ಬಿರುಕು 5 ಮಿಲಿಮೀಟರ್‌ಗಿಂತ ಅಗಲ ಇದ್ದರೆ, ಬಿಲ್ಡರ್‌ಗೆ ಸಂಬಂಧ ಇಲ್ಲದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ. “ಪುಟ್ಟಿ ಹಾಕಿ ಬಣ್ಣ ಹೊಡೆದು ಕೊಡ್ತೀವಿ” ಅಂದರೆ ಬೇಡ ಅನ್ನಿ. ಕಾರಣ ಗೊತ್ತಾಗುವ ಮುಂಚೆ ಪುಟ್ಟಿ ಹಾಕಿದರೆ ಬಿರುಕು ಹೋಗುವುದಿಲ್ಲ, ನಿಮ್ಮ ಸಾಕ್ಷಿ ಹೋಗುತ್ತದೆ.

ಉಳಿದದ್ದು ಬೇಗ ಮುಗಿಯುವ ಕೆಲಸ. ನಾಣ್ಯದಿಂದ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಒಂದು ಮೂಲೆಯಲ್ಲಿ ಬಂದರೆ ಬಿಡಿ, ಇಡೀ ಟೈಲ್ ಡಬಡಬ ಅಂದರೆ ಗುರುತು ಹಾಕಿ. ಮೊಬೈಲ್ ಚಾರ್ಜರ್ ಹಿಡಿದು ಒಂದೊಂದೇ ಪ್ಲಗ್ ನೋಡಿ. ಟೇಪ್ ಹಿಡಿದು ಗೋಡೆಯಿಂದ ಗೋಡೆಗೆ ಅಳೆದು ಕರಾರಿನ ಲೆಕ್ಕಕ್ಕೆ ಹೋಲಿಸಿ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು ಸಿಂಕ್ ಕೆಳಗೆ ಕೈ ಆಡಿಸಿ. ಸಾಧ್ಯವಾದರೆ ಮಳೆ ಬಂದ ಮರುದಿನವೇ ಹೋಗಿ, ಕಿಟಕಿಯ ಕೆಳಗಿನ ಗೋಡೆ ಮುಟ್ಟಿ ನೋಡಿ.

ಸಿಕ್ಕಿದ್ದನ್ನೆಲ್ಲ ಬರೆಯಿರಿ. “ಬಾತ್‌ರೂಮ್ ಸರಿಯಿಲ್ಲ” ಅಂತ ಅಲ್ಲ. “ದೊಡ್ಡ ಬಾತ್‌ರೂಮ್, ಬಾಗಿಲ ಹತ್ತಿರ ನೀರು ನಿಲ್ಲುತ್ತದೆ” ಅಂತ, ಫೋಟೊ ಮತ್ತು ತಾರೀಖಿನ ಜೊತೆ. ಬಿಲ್ಡರ್ ಕಡೆಯವರ ಸಹಿ ಹಾಕಿಸಿ. ಬೀಗದ ಕೈ ಜೊತೆ ಒಂದು ಹಾಳೆ ಮುಂದಿಡುತ್ತಾರೆ, “ಮನೆ ಪರಿಶೀಲಿಸಿದ್ದೇನೆ, ಎಲ್ಲ ಸರಿ ಇದೆ” ಅಂತ. ಸಂಭ್ರಮದಲ್ಲಿ ಅದಕ್ಕೆ ಸಹಿ ಹಾಕಿದವರು ಆಮೇಲೆ ನನಗೆ ಫೋನ್ ಮಾಡುತ್ತಾರೆ. ಆಗ ನಾನು ಮಾಡುವುದು ಏನೂ ಜಾಸ್ತಿ ಉಳಿದಿರುವುದಿಲ್ಲ. ಕರಾರಿನಲ್ಲಿ ಅವಕಾಶ ಇದ್ದರೆ ಪಟ್ಟಿ ಮುಗಿಯುವವರೆಗೆ ಕೊನೆಯ ಕಂತು ನಿಮ್ಮ ಕೈಯಲ್ಲೇ ಇರಲಿ. ಅವಕಾಶ ಇದೆಯಾ ಅಂತ ಬುಕ್ ಮಾಡುವ ದಿನವೇ ಓದಿ ನೋಡಬೇಕು, ಅಲ್ವಾ?

ಆ ದಂಪತಿ ಕಂತು ಹಿಡಿದಿಟ್ಟರು. ಬಿಲ್ಡರ್ ಎರಡು ದಿನ ಸಿಟ್ಟು ಮಾಡಿದ, ಮೂರನೆಯ ದಿನ ಟೈಲ್ಸ್ ಒಡೆಸಿದ. ಕೆಲಸ ಮುಗಿದ ಮೇಲೆ ನಾನು ಮತ್ತೆ ಹೋದೆ. ಬಕೆಟ್ ಆ ಯಜಮಾನಿಯ ಕೈಯಲ್ಲೇ ಇತ್ತು, ತಾವೇ ಸುರಿದರು. ನೀರು ಈ ಸಲ ದಾರಿ ತಪ್ಪಲಿಲ್ಲ. ಅವರು ಇನ್ನೊಂದು ಬಕೆಟ್ ತುಂಬಿಕೊಂಡು ಬಾಲ್ಕನಿ ಕಡೆ ನಡೆದರು.