‘ಹೊರಟೆ’ ಎಂಬ ಮಾತಿನ ಎರಡು ಅರ್ಥ

ಮಲೆನಾಡಿನ ಮನೆಗಳಲ್ಲಿ ನೆಂಟರು ‘ಹೊರಟೆ’ ಎಂದ ಮೇಲೂ ಜಗಲಿಯಲ್ಲಿ ಕುಳಿತು ಇನ್ನೊಂದು ಕವಳ ಹಾಕುವುದುಂಟು. ಅದರಿಂದ ಯಾರಿಗೂ ನಷ್ಟವಿಲ್ಲ. ಅಂಥದೇ ಮಾತು ವಿಮಾನದ ಕಾಕ್‌ಪಿಟ್‌ನಿಂದ ಬಂದಾಗ, ಅದು ಹೊರಡುವ ಸಿದ್ಧತೆಯೋ ಹೊರಟೇಬಿಟ್ಟಿದ್ದೋ ಎಂಬುದು ನೆಲದಲ್ಲಿರುವ ವಿಮಾನ ಸಂಚಾರ ನಿಯಂತ್ರಕರಿಗೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 1977ರ ಮಾರ್ಚ್ 27ರ ಟೆನೆರಿಫ್ ವಿಮಾನ ದುರಂತ ಸಾಕ್ಷಿ.

2023ರ ಆಗಸ್ಟ್ 31ರಂದು ಶಿವಮೊಗ್ಗ ಬಳಿಯ ಸೋಗಾನೆ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದ ಮೇಲೆ ಈ ವಿಷಯ ಶಿವಮೊಗ್ಗದವರಿಗೆ ಪರದೇಶದ್ದಾಗಿ ಉಳಿದಿಲ್ಲ. ನಿಯಂತ್ರಕರಿರುವ ನಿಲ್ದಾಣ ಯಾವುದೇ ಇರಲಿ, ಪೈಲಟ್‌ಗೆ ಎರಡು ಅನುಮತಿಗಳು ಬೇಕು. ಯಾವ ಮಾರ್ಗ, ಎಷ್ಟು ಎತ್ತರ ಎಂದು ತಿಳಿಸುವುದು ಒಂದು. ರನ್‌ವೇಯಲ್ಲಿ ಓಟ ಆರಂಭಿಸಿ ಮೇಲೇರಲು ಬಿಡುವುದು ಇನ್ನೊಂದು. ಮೊದಲನೆಯದು ಸಿಕ್ಕಿತೆಂದು ಎರಡನೆಯದೂ ಸಿಕ್ಕಂತಲ್ಲ. ಸುದ್ದಿ ಬರೆಯುವ ನಾವು ಮಾತ್ರ ಎರಡನ್ನೂ ‘ಹೊರಡಲು ಅನುಮತಿ’ ಎಂದು ಬರೆದು ಮುಗಿಸುತ್ತೇವೆ.

ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣ ಹೆಚ್ಚುಕಡಿಮೆ ಆಗುಂಬೆಯಷ್ಟೇ ಎತ್ತರದಲ್ಲಿದೆ. ಅಲ್ಲಿಯೂ ಮೋಡ ನೆಲಕ್ಕಿಳಿದು ರನ್‌ವೇಯನ್ನು ಮುಚ್ಚುತ್ತದೆ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಂದು ಹಲವು ವಿಮಾನಗಳು ಇಲ್ಲಿಗೆ ಬಂದಿದ್ದವು. ನೆದರ್ಲೆಂಡ್ಸ್‌ನ ಕೆಎಲ್ಎಂ ಸಂಸ್ಥೆಯ ವಿಮಾನಕ್ಕೆ ನಿಯಂತ್ರಕರು ಕೊಟ್ಟದ್ದು ಮಾರ್ಗದ ಅನುಮತಿಯನ್ನು, ಆದರೆ ಆ ವಾಕ್ಯದಲ್ಲಿ ‘ಟೇಕಾಫ್’ ಎಂಬ ಪದವಿತ್ತು. ಸಹಪೈಲಟ್ ಅದನ್ನು ಪುನರುಚ್ಚರಿಸಿ, ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಇಂಗ್ಲಿಷ್ ಮಾತನ್ನು ಸೇರಿಸಿದರು. ವಿಮಾನ ಓಟದ ಸ್ಥಾನದಲ್ಲಿ ಕಾಯುತ್ತಿದೆ ಎಂದುಕೊಂಡ ನಿಯಂತ್ರಕರು ಮೊದಲು ‘ಓಕೆ’ ಎಂದರು, ಅನಂತರ ಕಾಯುವಂತೆ ಹೇಳಿದರು. ಅದೇ ಕ್ಷಣ ಅದೇ ರನ್‌ವೇಯಲ್ಲಿ ಸಾಗುತ್ತಿದ್ದ, ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ವಿಮಾನದವರೂ ತಾವಿನ್ನೂ ಅಲ್ಲೇ ಇರುವುದಾಗಿ ಮಾತಾಡಿದ್ದರಿಂದ ಎರಡು ದನಿಗಳು ರೇಡಿಯೋದಲ್ಲಿ ಡಿಕ್ಕಿಯಾಗಿ, ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ‘ಓಕೆ’ಯ ನಂತರ ಕೀರಲು ಸದ್ದೇ ಮುಖ್ಯವಾಗಿ ಕೇಳಿಸಿತು. ಪ್ಯಾನ್ ಆಮ್ ವಿಮಾನ ರನ್‌ವೇಯಿಂದ ಆಚೆ ಹೋಗಿದೆಯೇ ಎಂದು ಕೆಎಲ್ಎಂನ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಕ್ಯಾಪ್ಟನ್ ಹೌದೆಂದು ಒತ್ತಿಹೇಳಿದರು. ಎರಡೂ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾದವು. ಸತ್ತವರು 583 ಮಂದಿ.

ಆ ಬಳಿಕ ‘ಟೇಕಾಫ್’ ಪದವನ್ನು ಮೇಲೇರುವ ಅನುಮತಿ ಕೊಡುವಾಗ ಅಥವಾ ರದ್ದುಪಡಿಸುವಾಗ ಮಾತ್ರ ಬಳಸಿ, ಉಳಿದೆಡೆ ‘ಡಿಪಾರ್ಚರ್’ ಎನ್ನುವ ರೂಢಿ ಬಂತು. ಅನುಮತಿಯನ್ನು ಪೈಲಟ್ ಪುನರುಚ್ಚರಿಸಬೇಕು, ನಿಯಂತ್ರಕರು ಅದನ್ನು ಗಮನವಿಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಟೆನೆರಿಫ್‌ನಲ್ಲಿ ಪುನರುಚ್ಚಾರವೂ ನಡೆದಿತ್ತು ಎಂಬುದನ್ನು ಮರೆಯುವಂತಿಲ್ಲ. ಅಪಾಯವಿದ್ದುದು ಅದರ ಬಾಲಕ್ಕೆ ಅಂಟಿಕೊಂಡ ಹೆಚ್ಚುವರಿ ಮಾತಿನಲ್ಲಿ.

2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ‘ಟೇಕಾಫ್’ ಪದ ಬರಲೇ ಇಲ್ಲ. ಸರದಿಯಲ್ಲಿ ‘ನಂಬರ್ ಒನ್’ ಎಂದು ತಿಳಿಸಿ, ರನ್‌ವೇಯ ಹೊರಗೆ ನಿಲ್ಲುವ ಜಾಗದವರೆಗೆ ಬರುವಂತೆ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಹೇಳಲಾಗಿತ್ತು. ರನ್‌ವೇ ಪ್ರವೇಶಿಸಲು ಅನುಮತಿ ಸಿಕ್ಕಿದೆಯೆಂದು ಅದರ ಕ್ಯಾಪ್ಟನ್ ತಿಳಿದರು. ಇಳಿಯುತ್ತಿದ್ದ ಪ್ರಯಾಣಿಕ ವಿಮಾನ ಬಂದು ಅಪ್ಪಳಿಸಿ, ಕಾವಲು ಪಡೆಯ ಐವರು ಸತ್ತರು. ದೊಡ್ಡ ವಿಮಾನದ 379 ಮಂದಿಯೂ ಹೊರಬಂದರು. ಸರದಿಯ ಸಂಖ್ಯೆಯನ್ನು ಹೇಳುವುದನ್ನು ಜಪಾನ್ ಕೆಲಕಾಲ ನಿಲ್ಲಿಸಿತ್ತು.