ಬಿಡಬೇಕಾದ ಸ್ವರವನ್ನು ಬಿಡದೆ ಹಿಡಿದಾಗ: ಆರ್ಗನ್ ಸಂಗೀತ ಮತ್ತು ಕಣ್ಣೀರು

ಪಿಯಾನೋ ಕೀಯನ್ನು ಬಲವಾಗಿ ಒತ್ತಿದರೆ ದೊಡ್ಡ ಸದ್ದು, ಮೆಲ್ಲಗೆ ಒತ್ತಿದರೆ ಸಣ್ಣ ಸದ್ದು. ಪಿಟೀಲಿನ ಕಮಾನಿಗೆ ಕೈಯ ಭಾರ ತಿಳಿಯುತ್ತದೆ. ಪೈಪ್ ಆರ್ಗನ್ನಿಗೆ ಇದೊಂದೂ ತಿಳಿಯುವುದಿಲ್ಲ. ಕೀ ಒತ್ತಿದಾಗ ಕೊಳವೆಯ ಕೆಳಗಿನ ಕವಾಟ ತೆರೆದು ಗಾಳಿ ನುಗ್ಗುತ್ತದೆ, ಬೆರಳು ಎತ್ತಿದಾಗ ಮುಚ್ಚಿಕೊಳ್ಳುತ್ತದೆ. ಸಿಟ್ಟಿನಿಂದ ಒತ್ತಿದರೂ ಸಂಕಟದಿಂದ ಒತ್ತಿದರೂ ಸದ್ದಿನ ಗಾತ್ರ ಅಷ್ಟೇ. ಇಂಥ ವಾದ್ಯದ ಮುಂದೆ ಕೂತು ಜನ ಯಾಕೆ ಅಳುತ್ತಾರೆ, ನುಡಿಸುವವರ ಕಣ್ಣು ಯಾಕೆ ತುಂಬುತ್ತದೆ ಎನ್ನುವುದೇ ಈ ಟಿಪ್ಪಣಿಯ ವಿಷಯ.

ನನಗೆ ಸಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒತ್ತಡದಿಂದ ಏನೂ ಮಾಡಲಾಗದಿದ್ದ ಮೇಲೆ ನುಡಿಸುವವರ ಕೈಯಲ್ಲಿ ಉಳಿಯುವುದು ಕಾಲ ಮಾತ್ರ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು. ಎರಡು ವರ್ಷದಿಂದ ಕೇಳುವಾಗ, ನುಡಿಸುವಾಗ ಗಂಟಲು ಕಟ್ಟಿದ ಜಾಗಗಳಿಗೆಲ್ಲ ಸ್ವರಲಿಪಿಯಲ್ಲಿ ಪೆನ್ಸಿಲ್ ಗುರುತು ಹಾಕುತ್ತಾ ಬಂದಿದ್ದೇನೆ. ಜೋರು ಸದ್ದಿರುವ ಕಡೆ ಗುರುತುಗಳು ಬಹಳ ಕಡಿಮೆ. ಹೆಚ್ಚಿನವು ಬಿದ್ದಿರುವುದು ಬಿಡಬೇಕಾದ ಸ್ವರವೊಂದು ಇನ್ನೂ ಬಿಡದೆ ನಿಂತಿರುವ ಕಡೆ.

ನಿಲ್ಲದ ಉಸಿರು

ಹಾರ್ಮೋನಿಯಂ ನುಡಿಸಿದವರಿಗೆ ತಿದಿಯ ಮೇಲಿನ ಕೈಯಿಂದಲೇ ಸದ್ದನ್ನು ಏರಿಸಿ ಇಳಿಸುವ ರೂಢಿ ಇರುತ್ತದೆ. ಆರ್ಗನ್ನಿನ ತಿದಿ ನುಡಿಸುವವರ ಕೈಯಲ್ಲಿಲ್ಲ. ಹಿಂದೆ ತಿದಿ ಒತ್ತಲು ಬೇರೆ ಆಳುಗಳಿರುತ್ತಿದ್ದರು, ಈಗ ಆ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ. ಹಾಗಾಗಿ ಆರ್ಗನ್ನಿನ ಉಸಿರು ಮುಗಿಯುವುದೇ ಇಲ್ಲ. ಹಾಡುವವರ ದನಿ ಕೊನೆಗೆ ತೆಳುವಾಗುತ್ತದೆ. ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯಲು ಶುರುವಾಗುತ್ತದೆ. ಆರ್ಗನ್ನಿನ ಸ್ವರ ಮಾತ್ರ ಬೆರಳು ಏಳುವ ತನಕ ಅದೇ ಬಲದಲ್ಲಿ ನಿಂತಿರುತ್ತದೆ.

ಸಸ್ಪೆನ್ಷನ್ ಬಗ್ಗೆ ಓದುವಾಗ ಈ ಮಾತು ನೆನಪಿರಲಿ. ಹಿಂದಿನ ಕಾರ್ಡಿನ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ, ಒಂದು ಸ್ವರ ಹೊಸ ಕಾರ್ಡ್ ಬಂದ ಮೇಲೂ ಜಾಗ ಬಿಡದೆ ಉಳಿಯುತ್ತದೆ, ಹೊಸ ಸ್ವರಗಳ ಜೊತೆ ಉಜ್ಜಾಡುತ್ತದೆ, ಆಮೇಲೆ ಒಂದು ಮೆಟ್ಟಿಲು ಇಳಿದು ಅವುಗಳಲ್ಲಿ ಸೇರಿಕೊಳ್ಳುತ್ತದೆ. ಇದೇ ಸಸ್ಪೆನ್ಷನ್. ಪಿಯಾನೋದಲ್ಲಿ ಉಜ್ಜಾಟ ಶುರುವಾಗುವ ಹೊತ್ತಿಗೆ ಹಿಡಿದ ಸ್ವರ ಆಗಲೇ ಸೊರಗಿರುತ್ತದೆ. ಆರ್ಗನ್ನಿನಲ್ಲಿ ಅದು ಪೂರ್ತಿ ಜೀವ ಹಿಡಿದುಕೊಂಡೇ ಹೊಸ ಸ್ವರಕ್ಕೆ ಎದುರಾಗುತ್ತದೆ. ಒಂದೇ ಸಾಲನ್ನು ಎರಡೂ ವಾದ್ಯಗಳಲ್ಲಿ ನುಡಿಸಿ ನೋಡಿ, ಎದೆಯ ಮೇಲೆ ಬೀಳುವ ಭಾರ ಬೇರೆ ಬೇರೆಯಾಗಿರುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ತಂತ್ರ ಅಪೊಜಟೂರ. ಇಲ್ಲಿ ಹೊರಗಿನ ಸ್ವರವೊಂದು ನೇರವಾಗಿ ಘಾತದ ಮೇಲೆ ಬಂದು, ವಾಲಿ, ನಂತರ ತನ್ನ ಮನೆಗೆ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 83 ಮಂದಿಯನ್ನು ಸಂಗೀತದ ಯಾವ ಜಾಗದಲ್ಲಿ ದೇಹದಲ್ಲಿ ಏನಾಗುತ್ತದೆ ಎಂದು ಕೇಳಿದ್ದರು. ಕಣ್ಣೀರು ಬಂದ ಕಡೆಗಳಲ್ಲಿ ಅಪೊಜಟೂರಗಳು, ಮೆಟ್ಟಿಲು ಮೆಟ್ಟಿಲಾಗಿ ಮರುಕಳಿಸುವ ಸ್ವರಗುಚ್ಛಗಳು ಹೆಚ್ಚಾಗಿದ್ದವು. ಮೈ ಜುಮ್ಮೆಂದ ಕಡೆಗಳಲ್ಲಿ ಇದ್ದದ್ದು ನಿರೀಕ್ಷಿಸದ ಹಾರ್ಮನಿ, ಅಂದರೆ ಸ್ವರಗಳ ಕೂಡಿಕೆ. ಅಳು, ರೋಮಾಂಚನ ಎರಡನ್ನೂ ನಾವು ಒಂದೇ ಚೀಲಕ್ಕೆ ತುಂಬುತ್ತೇವೆ, ಆದರೆ ಅವುಗಳ ಬೇರು ಬೇರೆ ಕಡೆ ಇದೆ. ನನ್ನ ಪೆನ್ಸಿಲ್ ಗುರುತುಗಳನ್ನು ಎರಡು ಬಣ್ಣವಾಗಿ ಬೇರ್ಪಡಿಸಿದ್ದು ಇದನ್ನು ಓದಿದ ಮೇಲೆಯೇ.

ಒಂದು ಕೃತಿ, ಹತ್ತಿರದಿಂದ

ಜರ್ಮನ್ ಸಂಗೀತಕಾರ ಬಾಖ್ ವೈಮರ್‌ನಲ್ಲಿದ್ದಾಗ, ಅಂದರೆ 1708ರಿಂದ 1717ರ ನಡುವೆ, ಆರ್ಗೆಲ್‌ಬ್ಯೂಷ್‌ಲೈನ್ ಎಂಬ ಸಂಗ್ರಹದ ಹೆಚ್ಚಿನ ಭಾಗವನ್ನು ಬರೆದರು. ಅದರಲ್ಲಿರುವುದು 46 ಪುಟ್ಟ ಕೊರಾಲ್ ಪ್ರೆಲ್ಯೂಡ್‌ಗಳು. ಕೊರಾಲ್ ಎಂದರೆ ಲೂಥರನ್ ಚರ್ಚಿನಲ್ಲಿ ಸಭೆಯೆಲ್ಲ ಕೂಡಿ ಹಾಡುವ ಸ್ತುತಿಗೀತೆ. ಪ್ರೆಲ್ಯೂಡ್ ಆ ಗೀತೆಯ ಧಾಟಿಯನ್ನು ಆರ್ಗನ್ನಿನಲ್ಲಿ ಧ್ಯಾನಿಸುತ್ತದೆ. ನನ್ನ ಗುರುತುಗಳು ಹೆಚ್ಚು ಬಿದ್ದಿರುವುದು ಇವುಗಳಲ್ಲಿ ಒಂದಾದ ಬಿಡಬ್ಲ್ಯೂವಿ 622ರ ಪುಟದಲ್ಲಿ (ಬಿಡಬ್ಲ್ಯೂವಿ ಎಂದರೆ ಬಾಖ್ ಕೃತಿಗಳ ಪಟ್ಟಿಯ ಸಂಖ್ಯೆ). ಮೂಲಗೀತೆಯ ಮೊದಲ ಸಾಲಿನ ಅರ್ಥ, ಓ ಮನುಷ್ಯ, ನಿನ್ನ ಮಹಾಪಾಪಕ್ಕಾಗಿ ಅಳು.

ಬಲಗೈ ಒಂದು ಮ್ಯಾನುಯಲ್ ಮೇಲೆ, ಅಂದರೆ ಒಂದು ಕೀಬೋರ್ಡ್ ಸಾಲಿನ ಮೇಲೆ, ಅಲಂಕಾರಗಳಿಂದ ತುಂಬಿದ ಧಾಟಿಯನ್ನು ಹಾಡುತ್ತದೆ. ಎಡಗೈ ಇನ್ನೊಂದು ಮ್ಯಾನುಯಲ್ ಮೇಲೆ ನಡುದನಿಗಳನ್ನು ಸಾಗಿಸುತ್ತದೆ, ಪಾದಗಳು ಪೆಡಲ್ ಮೇಲೆ ಮಂದ್ರವನ್ನು ಹೊರುತ್ತವೆ. ಇಡೀ ಕೃತಿ ಇ-ಫ್ಲಾಟ್ ಸ್ವರವನ್ನು ಆಧಾರವಾಗಿಟ್ಟ ಸ್ವರಶ್ರೇಣಿಯಲ್ಲಿ, ಅಂದರೆ ಇ-ಫ್ಲಾಟ್ ಮೇಜರ್‌ನಲ್ಲಿದೆ. ಗಮನಿಸಿ, ಇಷ್ಟು ದುಃಖದ ಗೀತೆ ಇರುವುದು ಮೇಜರ್‌ನಲ್ಲಿ. ಮೈನರ್ ಎಂದರೆ ಅಳು, ಮೇಜರ್ ಎಂದರೆ ನಗು ಎಂಬ ಪಾಠಪುಸ್ತಕದ ಸೂತ್ರವನ್ನು ಇಲ್ಲೇ ಕೈಬಿಡುವುದು ಒಳ್ಳೆಯದು.

ಕೊನೆಯ ಜಾಗಕ್ಕೆ ಬನ್ನಿ. ಅಲ್ಲಿ ಬಾಖ್ ಅಡಾಜಿಸಿಮೊ ಎಂದು ಬರೆದಿದ್ದಾರೆ, ಅಂದರೆ ಅತಿ ನಿಧಾನ. ಇನ್ನೇನು ಇ-ಫ್ಲಾಟ್‌ಗೆ ಮರಳಿ ಮುಗಿಯಬೇಕು ಎನ್ನುವಾಗ ಸಿ-ಫ್ಲಾಟ್ ಮೇಜರ್ ಕಾರ್ಡ್ ಬರುತ್ತದೆ. ಇ-ಫ್ಲಾಟ್ ಅನ್ನು ಷಡ್ಜ ಎಂದು ಹಿಡಿದರೆ ಇದು ಶುದ್ಧ ಧೈವತದ ಮೇಲೆ ಕಟ್ಟಿದ ಕಾರ್ಡ್. ಮೇಜರ್ ಸ್ವರಶ್ರೇಣಿಗೆ ಸೇರಿದ್ದು ಚತುಶ್ರುತಿ ಧೈವತ. ಅದು ಅರ್ಧ ಸ್ವರ ಕುಸಿದು, ಕುಸಿದ ಆ ಜಾಗದಲ್ಲೇ ಒಂದು ಪೂರ್ಣ, ಶಾಂತ ಮೇಜರ್ ಕಾರ್ಡ್ ಅರಳುತ್ತದೆ. ಕರ್ಕಶವಾದದ್ದು ಅಲ್ಲೇನೂ ಇಲ್ಲ. ಆದರೂ ಕಾಲ ಕೆಳಗಿನ ನೆಲ ಒಂದು ಗೇಣು ಇಳಿದಂತಾಗುತ್ತದೆ. ಈ ಕಾರ್ಡ್ ಕೇಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಕಾರಣ ಗೊತ್ತಿದ್ದರೂ ತುಂಬುತ್ತದೆ.

ಈಗ ಗೀತೆಯ ಪಠ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೊದಲ ಚರಣದ ಕೊನೆಯ ಸಾಲು ಕ್ರಿಸ್ತ ಶಿಲುಬೆಯ ಮೇಲೆ ನಮ್ಮ ಪಾಪದ ಭಾರ ಹೊತ್ತು ದೀರ್ಘಕಾಲ ಇದ್ದುದನ್ನು ಹೇಳುತ್ತದೆ, ಮತ್ತು ಕೊನೆಯ ಪದವೇ ಲಾಂಗೆ, ಅಂದರೆ ದೀರ್ಘವಾಗಿ. ಬಾಖ್ ಕಾಲವನ್ನು ಎಳೆದು ನಿಲ್ಲಿಸಿದ್ದು ಆ ಪದಕ್ಕೇ. ಪ್ಯಾರಿಸ್ಸಿನ ಸಾಂ-ಸುಲ್ಪೀಸ್ ಚರ್ಚಿನ ಆರ್ಗನಿಸ್ಟ್ ವಿಡೋರ್ ಅವರಿಗೂ ಇಂಥ ಪ್ರೆಲ್ಯೂಡ್‌ಗಳು ಒಗಟಾಗಿದ್ದವು. ಒಂದೇ ಧಾಟಿಯನ್ನು ದನಿಗಳು ಒಂದರ ಹಿಂದೊಂದು ಹಿಡಿಯುವ ಫ್ಯೂಗ್‌ಗಳ ತರ್ಕ ತಿಳಿಯುತ್ತದೆ, ಇವುಗಳದ್ದು ತಿಳಿಯುವುದಿಲ್ಲ ಎಂದು ಅವರು ತಮ್ಮ ಶಿಷ್ಯನಲ್ಲಿ ಹೇಳಿಕೊಂಡರು. ಜರ್ಮನ್ ಮಾತಾಡುವ ಅಲ್ಸಾಸ್‌ನಿಂದ ಬಂದ ಆ ಶಿಷ್ಯನಿಗೆ ಜರ್ಮನ್ ಗೀತೆಗಳೆಲ್ಲ ಬಾಯಿಪಾಠವಾಗಿದ್ದವು. ಒಂದೊಂದನ್ನೇ ಅನುವಾದಿಸಿ ಹೇಳಿದಂತೆ ವಿಡೋರ್ ಅವರಿಗೆ ಬಾಗಿಲು ತೆರೆಯಿತು. ಆ ಶಿಷ್ಯ ಆಲ್ಬರ್ಟ್ ಶ್ವೈಟ್ಸರ್. 1905ರಲ್ಲಿ ಪ್ರಕಟವಾದ ಅವರ ಬಾಖ್ ಅಧ್ಯಯನ ಗ್ರಂಥಕ್ಕೆ ಬೀಜ ಬಿದ್ದದ್ದು ಇಲ್ಲಿ. ನುಡಿಸುವ ಮೊದಲು ಪದಗಳನ್ನು ಓದಿಕೊಳ್ಳಿ ಎಂದು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಇಳಿಯುವ ಮಂದ್ರ

ಯುರೋಪಿನ ಸಂಗೀತದಲ್ಲಿ ಶೋಕಕ್ಕೆ ಒಂದು ಹಳೆಯ ಗುರುತಿದೆ. ಮಂದ್ರ ಸ್ವರ ಅರ್ಧ ಅರ್ಧ ಹೆಜ್ಜೆಯಾಗಿ ಷಡ್ಜದಿಂದ ಕೆಳಗಿನ ಪಂಚಮಕ್ಕೆ ಇಳಿಯುವುದು. ಬಾಖ್ 1714ರಲ್ಲಿ ಅಳು, ಗೋಳು, ಚಿಂತೆ, ಅಂಜಿಕೆ ಎಂಬ ಪದಗಳಿಂದ ಶುರುವಾಗುವ ಕಂಟಾಟಾದಲ್ಲಿ, ಅಂದರೆ ವಾದ್ಯಗಳೊಡನೆ ಹಾಡುವ ಚರ್ಚಿನ ಗಾಯನಕೃತಿಯಲ್ಲಿ, ಇದನ್ನು ಬಳಸಿದರು. ಮುಂದೆ ಅದೇ ಭಾಗವನ್ನು ತಿದ್ದಿ ತಮ್ಮ ದೊಡ್ಡ ಆರಾಧನಾ ಕೃತಿ ಬಿ ಮೈನರ್ ಮಾಸ್‌ನಲ್ಲಿ ಶಿಲುಬೆಗೇರಿಸಿದ ಸಂದರ್ಭಕ್ಕೆ ಇಟ್ಟರು. ಅಲ್ಲಿ ಈ ಇಳಿಜಾರು 13 ಸಲ ಬರುತ್ತದೆ. ಹನ್ನೆರಡು ಸಲ ಇ ಮೈನರ್‌ನ ಅದೇ ದಾರಿ. ಹದಿಮೂರನೆಯದರಲ್ಲಿ ಕೊಳಲು, ತಂತಿವಾದ್ಯಗಳು ಸುಮ್ಮನಾಗುತ್ತವೆ. ಸಮಾಧಿ ಮಾಡಲಾಯಿತು ಎಂಬ ಪದಗಳನ್ನು ಗಾಯಕರು ತಗ್ಗಿದ ದನಿಯಲ್ಲಿ ಹಾಡುತ್ತಾ ಜಿ ಮೇಜರ್‌ಗೆ ಇಳಿದುಬಿಡುತ್ತಾರೆ. ಹನ್ನೆರಡು ಸಲ ಒಂದೇ ದಾರಿಯಲ್ಲಿ ನಡೆಸಿಕೊಂಡು ಬಂದದ್ದರಿಂದಲೇ ಆ ಒಂದು ತಿರುವು ಅಷ್ಟು ಕಾಡುತ್ತದೆ.

ಮಗ ಡೇನಿಯಲ್ 1859ರಲ್ಲಿ, ಮಗಳು ಬ್ಲಾಂಡಿನ್ 1862ರಲ್ಲಿ ತೀರಿಕೊಂಡ ಮೇಲೆ ಹಂಗೇರಿಯ ಸಂಗೀತಕಾರ ಲಿಸ್ಟ್ ಇದೇ ಇಳಿಜಾರನ್ನು ಹಿಡಿದು, ಅದನ್ನೇ ಬಗೆಬಗೆಯಾಗಿ ಮರಳಿ ತರುವ ದೊಡ್ಡ ವೇರಿಯೇಷನ್ ಕೃತಿಯನ್ನು ಬರೆದರು. ಮೊದಲು ಪಿಯಾನೋಗೆ, ನಂತರ ಆರ್ಗನ್ನಿಗೆ. ಅದರ ಕೊನೆಗೆ ಅವರು ಇಟ್ಟದ್ದು ಬಾಖ್ ಅವರ ಕಂಟಾಟಾ ಮುಗಿಯುವ ಕೊರಾಲ್‌ಅನ್ನೇ. ದೇವರು ಮಾಡಿದ್ದೆಲ್ಲ ಒಳ್ಳೆಯದೇ ಎನ್ನುವ ಗೀತೆ ಅದು. ಎರಡು ಮಕ್ಕಳನ್ನು ಕಳೆದುಕೊಂಡ ತಂದೆ ಆ ಮಾತನ್ನು ಬರೆಯುತ್ತಿದ್ದಾರೆ ಎಂದು ತಿಳಿದ ಮೇಲೆ ಆ ಪುಟವನ್ನು ಸುಮ್ಮನೆ ಓದುವುದೂ ಕಷ್ಟ.

ಕೊಳವೆಗಳ ಬಗ್ಗೆ ಚುಟುಕಾಗಿ. 8 ಅಡಿಯ ಸಾಲಿನ (ಅದರ ಅತಿ ಉದ್ದದ ಕೊಳವೆ ಸುಮಾರು 8 ಅಡಿ) ಅತಿ ಕೆಳಗಿನ ಸ್ವರ ಸಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ, 16 ಅಡಿಯದು ಸುಮಾರು 33, 32 ಅಡಿಯದು ಸುಮಾರು 16. ಕೊನೆಯದು ಕಿವಿಗಿಂತ ಹೆಚ್ಚಾಗಿ ಕುಳಿತ ಮರದ ಬೆಂಚಿಗೆ, ಎದೆಗೂಡಿಗೆ ತಿಳಿಯುವ ಸದ್ದು. ಸ್ಟಾಪ್ ಎಂದರೆ ಬೇಕಾದ ಕೊಳವೆಸಾಲನ್ನು ನುಡಿಸಲು ಎಳೆಯುವ ಗುಂಡಿ. ಸೆಲೆಸ್ಟ್ ಎಂಬ ಸ್ಟಾಪ್‌ನಲ್ಲಿ ಎರಡು ಸಾಲು ಕೊಳವೆ ಒಟ್ಟಿಗೆ ನುಡಿಯುತ್ತವೆ, ಒಂದರ ಶ್ರುತಿಯನ್ನು ಬೇಕೆಂದೇ ಚೂರು ಏರಿಸಿರುತ್ತಾರೆ. ಒಂದು 440, ಇನ್ನೊಂದು 442 ಎಂದಿದ್ದರೆ ಸದ್ದು ಸೆಕೆಂಡಿಗೆ ಎರಡು ಸಲ ಅಲೆಯಾಡುತ್ತದೆ. ಕಲಿಯುವವರು ಮೊದಲು ಮೋಹಗೊಳ್ಳುವುದು ಇದಕ್ಕೇ, ನಾನೂ ಮರುಳಾಗಿದ್ದೆ. ಈಗ ಒಂದು ಕೃತಿಯನ್ನು ಆರ್ಗನ್ನಿನ ಮೂಲ ದನಿಯಾದ ಬರಿಯ ಪ್ರಿನ್ಸಿಪಲ್ ಸ್ಟಾಪ್‌ನಲ್ಲಿ ನುಡಿಸಿ, ಅದು ಅಲ್ಲೂ ಮನಸ್ಸು ಕಲಕಿದರೆ ಮಾತ್ರ ಸೆಲೆಸ್ಟ್ ಎಳೆಯುತ್ತೇನೆ.

ನುಡಿಸುವವರ ಕಣ್ಣು

ಬಾಖ್ ಅವರ ಇನ್ನೊಂದು ಪ್ರೆಲ್ಯೂಡ್, ಬಿಡಬ್ಲ್ಯೂವಿ 639, ಎಫ್ ಮೈನರ್. ನಿನ್ನನ್ನು ಕರೆಯುತ್ತೇನೆ ಸ್ವಾಮಿ ಎಂಬ ಗೀತೆ. ಇರುವುದು ಮೂರೇ ದನಿ: ಬಲಗೈಯಲ್ಲಿ ಧಾಟಿ, ಎಡಗೈಯಲ್ಲಿ ಬಿಡುವಿಲ್ಲದೆ ಹರಿಯುವ ಸಣ್ಣ ಸ್ವರಗಳು, ಪೆಡಲಿನಲ್ಲಿ ನಾಡಿಯ ಹಾಗೆ ಮಿಡಿಯುವ ಮಂದ್ರ. ಒಂದು ಅಂತ್ಯಸಂಸ್ಕಾರದ ಆರಾಧನೆಯಲ್ಲಿ ನಾನಿದನ್ನು ಮೊದಲ ಸಲ ಜನರ ಮುಂದೆ ನುಡಿಸಿದೆ. ಅರ್ಧ ದಾಟುವಷ್ಟರಲ್ಲಿ ಕಣ್ಣು ಮಂಜಾಯಿತು. ಪುಟ ಕಾಣಲಿಲ್ಲ, ಎಡಪಾದ ಪಕ್ಕದ ಪೆಡಲ್ ಮೇಲೆ ಇಳಿಯಿತು. ಅದನ್ನು ಸರಿಪಡಿಸುವ ಗಾಬರಿಯಲ್ಲಿ ಎಡಗೈ ಓಡಿಬಿಟ್ಟಿತು. ಅಳುತ್ತಿದ್ದವರು ತಲೆಯೆತ್ತಿ ಮೇಲಿನ ಗ್ಯಾಲರಿಯತ್ತ ನೋಡಿದ್ದು ಕನ್ನಡಿಯಲ್ಲಿ ಕಂಡಿತು. ಅವರ ಆ ಕ್ಷಣವನ್ನು ನಾನು ಕೆಡಿಸಿದೆ ಎಂಬ ನೋವು ಇನ್ನೂ ಇದೆ.

ಗುರುಗಳು ಬೈಯಲಿಲ್ಲ. ಎರಡು ವಾರ ಬಲಗೈ ಮುಟ್ಟಬೇಡಿ, ಎಡಗೈ ಮತ್ತು ಪೆಡಲ್ ಮಾತ್ರ ನುಡಿಸಿ, ಧಾಟಿಯನ್ನು ಬಾಯಲ್ಲಿ ಹಾಡಿಕೊಳ್ಳಿ ಎಂದರು. ಹಾಡುವಾಗ ಗಂಟಲು ಕಟ್ಟಿದರೂ ಪಾದ ತಪ್ಪಬಾರದು, ಅಷ್ಟೇ ನಿಯಮ. ಎರಡನೆಯ ವಾರದ ಕೊನೆಗೆ ಹಾಡುತ್ತಾ ಅತ್ತೆ, ಪಾದ ತನ್ನ ಪಾಡಿಗೆ ನಡೆಯುತ್ತಿತ್ತು. ಅಳು ತಡೆಯಿರಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ ಎನ್ನುವುದನ್ನು ನಾನು ಆಮೇಲೆ ಗಮನಿಸಿದೆ.

ಪಾದ ಎಂದಾಗ ಲೂಯಿ ವಿಯೆರ್ನ್ ನೆನಪಾಗುತ್ತಾರೆ. ಹುಟ್ಟಿನಿಂದಲೇ ಹೆಚ್ಚುಕಡಿಮೆ ಕುರುಡರು, 1900ರಿಂದ ಪ್ಯಾರಿಸ್ಸಿನ ನೋತ್ರ್-ದಾಮ್‌ನ ಆರ್ಗನಿಸ್ಟ್. 1937ರ ಜೂನ್ 2ರಂದು ತಮ್ಮ 1750ನೆಯ ಕಛೇರಿಯಲ್ಲಿ, ತೀರಿಹೋದ ಮಗುವೊಂದರ ಸ್ಮಾರಕವಾಗಿ ತಾವೇ ಬರೆದ ಕೃತಿಯನ್ನು ನುಡಿಸಿ ಮುಗಿಸಿದರು. ಮುಂದಿನದು ಮನೋಧರ್ಮದ ವಾದನ. ಅಷ್ಟರಲ್ಲಿ ಕುಸಿದರು. ಕಾಲು ಪೆಡಲಿನ ಇ ಸ್ವರದ ಮೇಲೆ ಬಿತ್ತು, ಆ ಒಂದು ಸ್ವರ ಕಟ್ಟಡವನ್ನೆಲ್ಲ ತುಂಬಿಕೊಂಡಿತು. ಪಕ್ಕದಲ್ಲಿದ್ದವರು ಇನ್ನೊಬ್ಬ ಆರ್ಗನಿಸ್ಟ್ ಮೊರಿಸ್ ಡ್ಯುರುಫ್ಲೆ.

ಸಂಗೀತ ಕೇಳಿ ಅಳುವುದು ಭಕ್ತಿಯೋ, ಬರಿಯ ಕಿವಿಯ ಸುಖವೋ? ಈ ಪ್ರಶ್ನೆ ಆರ್ಗನ್ ಚರ್ಚಿಗೆ ಬರುವುದಕ್ಕಿಂತ ಹಳೆಯದು. ಸಂತ ಅಗಸ್ಟೀನ್ ತಮ್ಮ ಆತ್ಮಕಥೆ ಕನ್ಫೆಷನ್ಸ್ ಗ್ರಂಥದಲ್ಲಿ, ನಾಲ್ಕನೆಯ ಶತಮಾನದ ಮಿಲಾನ್‌ನಲ್ಲಿ ಸಭೆಯ ಹಾಡು ಕೇಳಿ ಕಣ್ಣೀರಿಟ್ಟದ್ದನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ಅದೇ ಗ್ರಂಥದ ಮುಂದಿನ ಭಾಗದಲ್ಲಿ, ಹಾಡಿದ ಮಾತಿಗಿಂತ ಹಾಡಿಕೆಯೇ ತಮ್ಮನ್ನು ಹೆಚ್ಚು ಕಲಕಿದಾಗ ತಪ್ಪು ಮಾಡಿದಂತೆ ಅನ್ನಿಸುತ್ತದೆ ಎಂದೂ ಬರೆಯುತ್ತಾರೆ. ನನಗೆ ಅವರ ಮೊದಲ ಮಾತೇ ಹತ್ತಿರ. ಬಿಡಬ್ಲ್ಯೂವಿ 622ರ ಆ ಕಾರ್ಡ್ ಮತ್ತು ಲಾಂಗೆ ಎಂಬ ಪದವನ್ನು ಬೇರ್ಪಡಿಸಲು ನನ್ನಿಂದ ಆಗುವುದಿಲ್ಲ.

ಈಗ ನನ್ನ ಮೇಜಿನ ಮೇಲಿರುವುದು ಜರ್ಮನ್ ಸಂಗೀತಕಾರ ಬ್ರಾಮ್ಸ್ ಅವರ ಕೃತಿ. 1896ರ ಮೇ ತಿಂಗಳಲ್ಲಿ ಅವರ ಜೀವದ ಗೆಳತಿ, ಪಿಯಾನೋ ವಾದಕಿ ಕ್ಲಾರಾ ಶೂಮನ್ ತೀರಿಕೊಂಡರು. ಆ ಬೇಸಿಗೆಯಲ್ಲಿ ಬ್ರಾಮ್ಸ್ ಕೈಯಲ್ಲಿದ್ದದ್ದು ಆರ್ಗನ್ನಿನ 11 ಕೊರಾಲ್ ಪ್ರೆಲ್ಯೂಡ್‌ಗಳು. ಮುಂದಿನ ಏಪ್ರಿಲ್‌ನಲ್ಲಿ ಅವರೂ ಹೋದರು. ಹನ್ನೊಂದನೆಯದರ ಹೆಸರು, ಓ ಲೋಕವೇ, ನಿನ್ನನ್ನು ಬಿಟ್ಟು ಹೋಗಬೇಕಾಗಿದೆ. ಗೀತೆಯ ಪ್ರತಿ ಸಾಲು ಮುಗಿದ ಮೇಲೂ ಅದರ ತುದಿ ಎರಡು ಸಲ ಪ್ರತಿಧ್ವನಿಸುತ್ತದೆ, ಮೊದಲು ಮೆಲ್ಲಗೆ, ನಂತರ ಇನ್ನೂ ಮೆಲ್ಲಗೆ. ಆರ್ಗನ್ನಿನಲ್ಲಿ ಬೆರಳು ಹಗುರ ಮಾಡಿ ಇದನ್ನು ಸಾಧಿಸಲಾಗದು. ಕೈಗಳು ಒಂದು ಮ್ಯಾನುಯಲ್ ಬಿಟ್ಟು ಇನ್ನೊಂದಕ್ಕೆ, ಅದನ್ನೂ ಬಿಟ್ಟು ಮೂರನೆಯದಕ್ಕೆ ಸಾಗಬೇಕು. ಅವಸರಪಟ್ಟರೆ ಪ್ರತಿಧ್ವನಿ ಉತ್ತರದಂತೆ ಕೇಳಿಸುತ್ತದೆ, ತಡಮಾಡಿದರೆ ಎಳೆ ಕಡಿಯುತ್ತದೆ. ಹಾಗಾಗಿ ಈ ವಾರ ಸ್ಟಾಪ್ ಯಾವುದನ್ನೂ ಎಳೆಯದೆ ಬರಿಯ ಕೈಗಳ ದಾಟುವಿಕೆಯನ್ನು ಅಭ್ಯಾಸ ಮಾಡುತ್ತಿದ್ದೇನೆ. ಗಾಳಿಯ ಸದ್ದಿಲ್ಲ, ಸ್ವರವಿಲ್ಲ, ಕೀಗಳ ಮರದ ಟಿಕ್ ಟಿಕ್ ಮಾತ್ರ. ಕೊನೆಯ ಸಾಲಿನಲ್ಲಿ ಕೈ ಮೂರನೆಯ ಮ್ಯಾನುಯಲ್ ತಲುಪಿದಾಗ ಆ ಟಿಕ್ ಸದ್ದಿಗೇ ಕಣ್ಣು ತುಂಬುತ್ತದೆ. ಪಾದ ಮಾತ್ರ ಇನ್ನೂ ಪೆಡಲ್ ಮೇಲೆ ತನ್ನ ಜಾಗದಲ್ಲೇ ಇರುತ್ತದೆ.