ಬೆಳಕು ಬಡಿದರೆ ಪ್ರೋಟಾನ್ ಒಡೆದು ಚಾರ್ಮ್ ಉದುರುತ್ತದಾ?

ಪ್ರಶ್ನೆ: ಫೋಟಾನ್ ಅಂದರೆ ಬೆಳಕಿನ ಕಣ. ಫೋಟಾನ್ ಕಿರಣವನ್ನು ಪ್ರೋಟಾನಿಗೆ ಬಡಿದು ಚಾರ್ಮ್ ಕಣ ತೆಗೆಯುತ್ತಾರಂತೆ. ಹಾಗಾದರೆ ಪ್ರೋಟಾನ್ ಒಳಗೆ ಮೊದಲೇ ಚಾರ್ಮ್ ಅಡಗಿತ್ತಾ?

ಇಲ್ಲ. ಈ ಮಳೆಗಾಲದಲ್ಲಿ ಈ ಪ್ರಶ್ನೆ ಬಂದದ್ದು ಇದು ನಾಲ್ಕನೇ ಸಲ. ಒಡೆದು ತೆಗೆಯುವುದಲ್ಲ, ಅಲ್ಲಿಯೇ ಹುಟ್ಟುವುದು.

ತಪ್ಪು ನಿಮ್ಮದಲ್ಲ, ಅಡಿಕೆಯದು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಬೆಳೆದವರು ನಾವು. ಸಿಪ್ಪೆ ಸುಲಿದರೆ ಒಳಗಿದ್ದದ್ದು ಹೊರಗೆ ಬರುತ್ತದೆ. ಕಣಗಳೂ ಹಾಗೇ ಅಂದುಕೊಳ್ಳುತ್ತೇವೆ. ಸರಿ, ತಕ್ಕಡಿ ತನ್ನಿ. ಪ್ರೋಟಾನಿನ ತೂಕ ಸುಮಾರು 0.94 ಜಿಇವಿ (ಕಣಗಳ ತೂಕ, ಶಕ್ತಿ ಎರಡನ್ನೂ ಅಳೆಯುವ ಮಾನ). ಪ್ರೋಟಾನಿನಂಥ ಕಣಗಳನ್ನು ಕಟ್ಟುವ ಚಿಕ್ಕ ಕಣ ಕ್ವಾರ್ಕ್, ಚಾರ್ಮ್ ಅದರ ಒಂದು ಬಗೆ. ಒಂದು ಚಾರ್ಮ್ ಕ್ವಾರ್ಕಿನದೇ ಸುಮಾರು 1.27. ಹುಟ್ಟುವುದು ಒಂದಲ್ಲ, ಜೋಡಿ: ಚಾರ್ಮ್ ಮತ್ತು ಅದರ ಪ್ರತಿಕಣ, ಅಂದರೆ ಅಷ್ಟೇ ತೂಕದ, ಆವೇಶ ಮಾತ್ರ ತಿರುಗುಮುರುಗಾದ ಕಣ. ಸಿಪ್ಪೆ ಸಮೇತ ತೂಗಿದ ಕಾಯಿಗಿಂತ ಒಳಗಿನ ಅಡಿಕೆ ಎರಡೂವರೆ ಪಟ್ಟಿಗೂ ಜಾಸ್ತಿ ತೂಗುತ್ತದೆ ಅಂದರೆ ಯಾವ ಮಂಡಿಯವನು ನಂಬುತ್ತಾನೆ?

ಇಷ್ಟಾದರೂ ಕ್ಲಾಸಿನಲ್ಲಿ ಒಬ್ಬ ‘ಆದ್ರೂ ಸಾರ್...’ ಅಂತ ಏಳುತ್ತಾನೆ. ಅವನಿಗೆ ಇನ್ನೊಂದು ಮಾತು. ಕೆಲವು ಸಲ ಡಿಕ್ಕಿಯ ನಂತರವೂ ಪ್ರೋಟಾನ್ ಇದ್ದ ಹಾಗೇ ಇರುತ್ತದೆ. ಪಕ್ಕದಲ್ಲಿ ಜೆ-ಸೈ ಎಂಬ ಕಣ ಹೊಸದಾಗಿ ಹುಟ್ಟಿರುತ್ತದೆ. ಅದು ಚಾರ್ಮ್ ಮತ್ತು ಪ್ರತಿ-ಚಾರ್ಮ್ ಕೂಡಿದ ಕಣ. ಕಾಯಿ ಇಡಿಯಾಗಿಯೇ ಇದೆಯಲ್ಲ, ಸುಲಿದದ್ದು ಯಾವಾಗ?

ತೂಕ ಬಂದದ್ದು ಫೋಟಾನಿನ ಶಕ್ತಿಯಿಂದ. ಪ್ರೋಟಾನಿನಲ್ಲಿ ಕ್ವಾರ್ಕ್‌ಗಳನ್ನು ಅಂಟಿಸಿಡುವ ಗ್ಲೂಆನ್ ಎಂಬ ಕಣವೊಂದರ ಜೊತೆ ಫೋಟಾನ್ ಸೇರಿದಾಗ ಆ ಶಕ್ತಿ ಚಾರ್ಮ್ ಜೋಡಿಯಾಗುತ್ತದೆ. ಖಾಲಿ ಜಾಗದಲ್ಲಿ ಒಂಟಿ ಫೋಟಾನಿಗೆ ಇದು ಆಗದು. ಹಾಗಾದರೆ 2.5 ಜಿಇವಿ ಸಾಕಲ್ವಾ? ಸಾಲದು. ಕ್ವಾರ್ಕ್ ಒಂಟಿಯಾಗಿ ಹೊರಗೆ ಬರುವುದಿಲ್ಲ, ಬೇರೆ ಕ್ವಾರ್ಕ್‌ಗಳ ಜೊತೆ ಸೇರಿ ಇನ್ನೂ ಭಾರದ ಕಣವಾಗಬೇಕು. ಮೇಲಾಗಿ ಹುಟ್ಟಿದ್ದೆಲ್ಲ ಮುಂದಕ್ಕೆ ಓಡುತ್ತದೆ, ಆ ಓಟಕ್ಕೂ ಶಕ್ತಿ ಬೇಕು. ನಿಂತ ಪ್ರೋಟಾನಿಗೆ ಬಡಿದು ಎರಡು ಬಿಡಿ ಚಾರ್ಮ್ ಕಣ ಪಡೆಯಲು ಕನಿಷ್ಠ 8.7 ಜಿಇವಿ ಫೋಟಾನ್ ಬೇಕು. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ 1996-97ರಲ್ಲಿ ನಡೆದ ಫೋಕಸ್ ಪ್ರಯೋಗ ಇದಕ್ಕಿಂತ ಎಷ್ಟೋ ಬಲವಾದ ಫೋಟಾನ್ ಬಳಸಿ ಹತ್ತು ಲಕ್ಷಕ್ಕೂ ಜಾಸ್ತಿ ಚಾರ್ಮ್ ಕಣಗಳನ್ನು ಗುರುತಿಸಿತು.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಫೋಟಾನಿಗೆ ವಿದ್ಯುತ್ ಆವೇಶ ಇಲ್ಲ, ಆಯಸ್ಕಾಂತಕ್ಕೆ ಬಗ್ಗುವುದಿಲ್ಲ. ಮತ್ತೆ ಇಂಥ ಕಿರಣ ಮಾಡುವುದು ಹೇಗೆ? ವೇಗದ ಎಲೆಕ್ಟ್ರಾನನ್ನು ತೆಳು ಸೀಸದ ತಗಡಿನೊಳಗೆ ತೂರಿಸುತ್ತಾರೆ. ಅದು ಬ್ರೇಕ್ ಬಿದ್ದ ಹಾಗಾಗಿ ಫೋಟಾನ್ ಬಿಡುತ್ತದೆ. ಆಮೇಲೆ ಆಯಸ್ಕಾಂತ ಎಲೆಕ್ಟ್ರಾನನ್ನು ಪಕ್ಕಕ್ಕೆ ಎಳೆಯುತ್ತದೆ, ಬೆಳಕು ನೆಟ್ಟಗೆ ಹೋಗುತ್ತದೆ. ಎಲೆಕ್ಟ್ರಾನಿನಲ್ಲಿ ಉಳಿದ ಶಕ್ತಿ ಅಳೆದರೆ ಫೋಟಾನ್ ಎಷ್ಟು ಒಯ್ದಿತು ಅಂತ ಗೊತ್ತಾಗುತ್ತದೆ. ಗಾಂಧಿ ಬಜಾರಿಗೆ ಕಳಿಸಿದ ಮಗ ವಾಪಸ್ ತಂದ ಚಿಲ್ಲರೆ ಎಣಿಸಿ, ಎಷ್ಟು ಖರ್ಚು ಮಾಡಿದ ಅಂತ ಅಮ್ಮ ಹೇಳುವುದಿಲ್ವಾ, ಹಾಗೆ.